ಶ್ರಾವಣ ಸೋಮವಾರದ ಪೋಹೆ

ಆ ಬೆಳಿಗ್ಗೆ ನಾನು ಅವ್ವನಿಗೆ ಎರಡು ಮಾತು ಹೇಳಿದೆ. ಅಕ್ಕ ಆರಾಮಾಗಿದ್ದಾಳೆ, ಈಗಷ್ಟೇ ಪೋಹೆ, ಅಂದರೆ ಒಗ್ಗರಣೆ ಅವಲಕ್ಕಿ, ತಿಂದಳಂತೆ. ಎರಡೂ ಸುಳ್ಳು. ಅಕ್ಕನ ಜೊತೆ ನಾನು ಮಾತಾಡಿರಲೇ ಇಲ್ಲ.

ನಾನಿರುವುದು ಛತ್ರಪತಿ ಸಂಭಾಜಿನಗರದಲ್ಲಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಬೀದರ್ ಕಡೆಯಿಂದ ಬಂದವನು. ದೌಲತಾಬಾದ್ ಕೋಟೆಯ ಎದುರು ರಸ್ತೆ ಬದಿಗೆ ಮಳೆಗಾಲದಲ್ಲಿ ಮೆಕ್ಕೆಜೋಳದ ತೆನೆ ಸುಟ್ಟು ಮಾರುತ್ತೇನೆ, ಇಲ್ಲಿಯವರು ಭುಟ್ಟಾ ಅನ್ನುತ್ತಾರೆ. ಮಳೆ ಮುಗಿದ ಮೇಲೆ ಸೀತಾಫಲ, ಪೇರಲ. ಮಾಲು ತರಲು ಒಂದು ಸಣ್ಣ ಟೆಂಪೊ ಇದೆ. ಅಕ್ಕ ನಾಸಿಕ್‌ನ ಪಂಚವಟಿಯಲ್ಲಿದ್ದಾಳೆ. ಗೋದಾವರಿಗೆ ಇಳಿಯುವ ಓಣಿಯಲ್ಲಿ ಅವಳದು ಪೂಜಾ ಸಾಮಾನಿನ ಅಂಗಡಿ. ಕುಂಕುಮ, ವಿಭೂತಿ, ಕರ್ಪೂರ, ಗೋದಾವರಿ ನೀರು ತುಂಬಿಕೊಂಡು ಹೋಗುವ ತಾಮ್ರದ ಚೊಂಬು. ಅವಳ ಗಂಡ, ನಮ್ಮ ಮಾವ, ತೀರಿಕೊಂಡ ಮೇಲೆ ಅಂಗಡಿಯನ್ನು ಅವಳೇ ನಡೆಸುತ್ತಾಳೆ. ಮಗಳು ಕಾಲೇಜಿಗೆ ಹೋಗುತ್ತಾಳೆ. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ.

ಪಂಚವಟಿಯ ಜನಕ್ಕೆ ಹೊಳೆಯ ನೀರನ್ನು ಅಳೆಯಲು ಮಾರುತಿ ಇದ್ದಾನೆ. ಹೊಳೆಯ ದಂಡೆಯಲ್ಲೇ ಎತ್ತರದ, ಎರಡು ಮುಖದ ಮೂರ್ತಿ. ನೀರು ಮಾರುತಿಯ ಮೊಣಕಾಲಿಗೆ ಬಂದರೆ ಎಲ್ಲರೂ ನೋಡಲು ಹೋಗುತ್ತಾರೆ, ಸೊಂಟಕ್ಕೆ ಬಂದರೆ ಕೆಳಗಿನ ಅಂಗಡಿಯವರು ಸಾಮಾನು ಎತ್ತಲು ಶುರುಮಾಡುತ್ತಾರೆ, ಎದೆಗೆ ಬಂದರೆ ಅಕ್ಕನ ಓಣಿಯವರ ಸರದಿ. ಅಕ್ಕ ಮಾತ್ರ ಮೊಣಕಾಲಿಗೇ ನನಗೆ ಫೋನ್ ಮಾಡುತ್ತಾಳೆ. "ತಮ್ಮಾ, ಟೆಂಪೊ ತಗೊಂಡು ಬಾರೋ, ಮಾರುತಿ ಮೊಣಕಾಲು ಮುಳಗ್ಯಾವ." ಹಿಂದೆ ಎರಡು ಸಲ ನಾನು ಹೋಗಿದ್ದೆ. ಅಷ್ಟು ದೂರ ಗಾಡಿ ಓಡಿಸಿ, ಚೀಲ ಎಲ್ಲ ಅಟ್ಟಕ್ಕೇರಿಸಿ, ಬೆನ್ನು ಹಿಡಿದುಕೊಂಡು ಚಹಾಕ್ಕೆ ಕೂತರೆ ಎರಡು ಸಲವೂ ನೀರು ಇಳಿದುಹೋಗಿತ್ತು. ಮರುದಿನ ಅದೇ ಚೀಲಗಳನ್ನು ಇಳಿಸಿಕೊಟ್ಟು ಬಂದಿದ್ದೆ.

ಹೀಗಾಗಿ ಆ ಭಾನುವಾರ ಮಧ್ಯಾಹ್ನ ಫೋನ್ ಬಂದಾಗ ಅಕ್ಕ ಏನು ಕೇಳುತ್ತಾಳೆಂದು ನನಗೆ ಗೊತ್ತಿತ್ತು. ಮಳೆ ಜಿನುಗುತ್ತಿತ್ತು, ಕೋಟೆ ನೋಡಲು ಜನವೋ ಜನ. ಕೆಂಡದ ಮೇಲೆ ಭುಟ್ಟಾ ಚಟಚಟ ಅನ್ನುತ್ತಿದ್ದವು. ನಾನು ಫೋನ್ ಕಟ್ ಮಾಡಿದೆ. ಮತ್ತೆ ಬಂತು. ಮತ್ತೆ ಕಟ್ ಮಾಡಿ ಫೋನನ್ನು ಗೋಣಿಚೀಲದ ಕೆಳಗೆ ತುರುಕಿದೆ. ಗಿರಾಕಿ ಇದ್ದದ್ದು ಖರೆ. ಆದರೆ ಸಂಜೆ ಗಿರಾಕಿ ಹೋದ ಮೇಲೂ ನಾನು ತಿರುಗಿ ಮಾಡಲಿಲ್ಲ. ಹೋಗಲು ಮನಸ್ಸಿರಲಿಲ್ಲ, ಬರುವುದಿಲ್ಲ ಎನ್ನಲು ಬಾಯಿಯೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಟೀವಿ ಹಚ್ಚಿದರೆ ಮಾರುತಿಯ ತಲೆ ಕೂಡ ಕಾಣುತ್ತಿಲ್ಲ. ಅಕ್ಕನ ಫೋನ್ ಬಂದ್. ಮಗಳದ್ದೂ ಬಂದ್. ನಾನು ಮತ್ತೆ ಮತ್ತೆ ಹಚ್ಚುತ್ತಿರುವಾಗಲೇ ಊರಿನಿಂದ ಅವ್ವನ ಫೋನು. ಅವ್ವ ಅಣ್ಣನ ಮನೆಯಲ್ಲಿದ್ದಾಳೆ, ಅಲ್ಲಿಯೂ ಟೀವಿ ಇದೆ.

"ಅಕ್ಕನ ಕೂಡ ಮಾತಾಡಿದೇನೋ?"

"ಹೂಂ ಅವ್ವ. ಮಾತಾಡ್ದೆ. ಆರಾಮ್ ಅದಾಳ."

"ಏನರ ತಿಂದಾಳಂತ?"

ನಮ್ಮ ಅವ್ವನಿಗೆ ಯಾರ ಸುದ್ದಿ ಹೇಳಿದರೂ ಮುಂದಿನ ಪ್ರಶ್ನೆ ಇದೇ. ಉಂಡವರು ಬದುಕಿದ್ದಾರೆ ಎಂದು ಅವಳ ಲೆಕ್ಕ. ನಾನು ಹಿಂದೆಮುಂದೆ ನೋಡದೆ ಹೇಳಿಬಿಟ್ಟೆ: "ಈಗ ಪೋಹೆ ತಿಂದ್ಲಂತ."

"ಇವತ್ತು ಸೋಮವಾರ ಅಲ್ಲೇನೋ?" ಅಂದಳು ಅವ್ವ.

ಶ್ರಾವಣ ಸೋಮವಾರ. ಅಕ್ಕ ಸಣ್ಣವಳಿದ್ದಾಗಿನಿಂದ ಹಿಡಿದ ವ್ರತ. ಸಂಜೆ ಶಿವನಿಗೆ ಬಿಲ್ವಪತ್ರಿ ಏರಿಸುವ ತನಕ ಅವಳು ಹಾಲು, ಬಾಳೆಹಣ್ಣು ಬಿಟ್ಟು ಏನನ್ನೂ ಮುಟ್ಟುವುದಿಲ್ಲ. ಹೆರಿಗೆಯಾದ ವರ್ಷವೂ ಬಿಟ್ಟಿರಲಿಲ್ಲ, ಮಾವ ತೀರಿಕೊಂಡ ವರ್ಷವೂ ಬಿಟ್ಟಿರಲಿಲ್ಲ.

"ಆಕಿ ಶ್ರಾವಣ ಸೋಮವಾರ ಪೋಹೆ ತಿಂದಾಳಂದ್ರ ಆಕೀಗಿ ಏನೋ ಆಗ್ಯದ! ಖರೆ ಹೇಳು. ಏನ್ ಆಗ್ಯದ ನನ್ನ ಮಗಳಿಗೆ?"

"ಏನಿಲ್ಲವ್ವ, ಡಾಕ್ಟರ್ ತಿನ್ನಂದ್ರಂತ, ಅದಕ್ಕ..."

"ಡಾಕ್ಟರ್ ಯಾಕ ಬಂದಾನ?"

ಸಮಾಧಾನಕ್ಕೆಂದು ಶುರುಮಾಡಿದವನು ಅಕ್ಕನನ್ನು ರೋಗಿ ಮಾಡಿ ಕೂಡಿಸಿದ್ದೆ. ಅವ್ವ ಅಳುತ್ತ ಫೋನ್ ಇಟ್ಟಳು. ಸ್ವಲ್ಪ ಹೊತ್ತಿಗೆ ಅಣ್ಣನ ಫೋನ್: "ಏನ್ ಹೇಳಿದೆಪಾ ಅವ್ವಗ? ಚೀಲ ತುಂಬ್ಕೊಂಡು ಸ್ಟೇಶನ್‌ಕ ಹೊಂಟಾಳ. ಬಾಗಲಕ್ಕ ಅಡ್ಡ ನಿಂತೀನಿ."

ನನ್ನ ಹೆಂಡತಿ ಹಿಂದೆ ನಿಂತು ಎಲ್ಲ ಕೇಳುತ್ತಿದ್ದಳು. "ಸುಳ್ಳ ಹೇಳೋದಿತ್ತಂದ್ರ ನನ್ನ ಕೇಳಬೇಕಿಲ್ರಿ? ಹಾಲು ಕುಡದ್ರು ಅಂದಿದ್ರ ಮುಗೀತಿತ್ತು," ಎಂದಳು. ಹಾಗೆ ಅನ್ನುತ್ತಲೇ ರೊಟ್ಟಿ, ಶೇಂಗಾ ಚಟ್ನಿ, ಮೇಣಬತ್ತಿ, ಒಣ ಬಟ್ಟೆ ಗಂಟು ಕಟ್ಟಿ ಟೆಂಪೊದಲ್ಲಿಟ್ಟಳು. ಕುಡಿಯುವ ನೀರಿನ ಕ್ಯಾನುಗಳನ್ನೂ ಏರಿಸಿದಳು. "ಹೋಗ್ರಿ. ಸಿಕ್ಕ ಕೂಡ್ಲೇ ಅಕ್ಕಾರ ದನಿ ಅವ್ವಗ ಕೇಳಸ್ರಿ. ನಿಮ್ಮ ದನಿ ಬ್ಯಾಡ."

ದಾರಿಯುದ್ದಕ್ಕೂ ಮಳೆ. ಅಕ್ಕನ ನಂಬರು ಒತ್ತುವುದು, ಬಂದ್ ಇದೆ ಎಂದು ಆ ಹೆಣ್ಣು ದನಿ ಹೇಳುವುದು. ದಾರಿಯಲ್ಲಿನ ಯೇವಲೆ ಊರು ದಾಟುವ ಹೊತ್ತಿಗೆ ನಾನು ದೇವರ ಜೊತೆ ಚೌಕಾಸಿ ಶುರುಮಾಡಿದ್ದೆ. ಅವಳೊಬ್ಬಳು ಸಿಗಲಿ, ಮಾರುತಿಯ ಕಾಲುಬೆರಳು ಒದ್ದೆಯಾದರೂ ಓಡಿಬರುತ್ತೇನೆ ಎಂದೆ.

ಪಂಚವಟಿ ಮುಟ್ಟಿದಾಗ ನೀರು ಇಳಿಯುತ್ತಿತ್ತು. ಟೆಂಪೊ ಮೇಲಿನ ರಸ್ತೆಯಲ್ಲೇ ಬಿಟ್ಟು ಕೆಸರಿನಲ್ಲಿ ನಡೆದೆ. ಅಕ್ಕನ ಓಣಿಗೆ ತಿರುಗಿದವನೇ ಅಲ್ಲಿಯೇ ನಿಂತೆ. ಓಣಿಗೆ ಓಣಿಯೇ ಕೆಂಪು. ಗೋಡೆ, ಮೆಟ್ಟಿಲು, ಜನರ ಕಾಲು, ಒಂದು ಬಿಳಿ ನಾಯಿಯ ಹೊಟ್ಟೆ, ಎಲ್ಲವೂ ಕೆಂಪು. ಆಮೇಲೆ ವಾಸನೆ ಬಂತು. ಅದು ಅಕ್ಕನ ಅಂಗಡಿಯ ಕುಂಕುಮ.

ಅಕ್ಕ ಸೀರೆ ಮೇಲೆ ಕಟ್ಟಿ ಅಂಗಡಿಯೊಳಗೆ ನಿಂತಿದ್ದಳು. ತಾಮ್ರದ ಚೊಂಬಿನಿಂದ ಕೆಸರು ತೋಡಿ ಹೊರಗೆ ಎಸೆಯುತ್ತ, ಪಕ್ಕದ ಮನೆಯ ಪುರೋಹಿತರಿಗೆ ಮರಾಠಿಯಲ್ಲಿ ಹುಕುಂ ಕೊಡುತ್ತಿದ್ದಳು. ಪುರೋಹಿತರ ಧೋತರವೂ ಕೆಂಪು. ನನ್ನನ್ನು ನೋಡಿ ಒಂದು ಗಳಿಗೆ ಕೈ ನಿಂತಿತು.

"ಬರ್ರಿ ಸಾಹೇಬ್ರ," ಎಂದಳು. "ಭುಟ್ಟಾ ಎಲ್ಲಾ ಖರ್ಚಾದುವೇನು?"

ನಾನು ಅಳಬೇಕೆಂದಿದ್ದೆ, ನಗು ಬಂತು. ಅವಳ ಮಗಳು ಓಡಿ ಬಂದು ತೋಳು ಹಿಡಿದು, "ಮಾಮಾ, ಫೋನ್ ಆಹೇ ಕಾ? ಚಾರ್ಜಿಂಗ್ ಆಹೇ ಕಾ?" ಎಂದಳು, ಫೋನಿನಲ್ಲಿ ಚಾರ್ಜ್ ಇದೆಯೇ ಎಂದು. ಓಣಿಯಲ್ಲಿ ಕರೆಂಟ್ ಇರಲಿಲ್ಲ. ಜೀವ ಇದ್ದದ್ದು ಒಬ್ಬ ರಿಕ್ಷಾದವನ ಫೋನಿಗೆ ಮಾತ್ರ. ಎಲ್ಲರೂ ಸರದಿಯಲ್ಲಿ ನಿಂತು ತಮ್ಮವರಿಗೆ ಒಂದೊಂದು ಮಾತು ಹೇಳಿದ್ದರು. ಇವರಿಬ್ಬರಿಗೂ ಸರದಿ ಸಿಕ್ಕಿತ್ತಂತೆ, ಆದರೆ ಯಾರ ನಂಬರೂ ಬಾಯಿಪಾಠ ಇರಲಿಲ್ಲ.

ಅಕ್ಕ ನಿನ್ನೆಯ ಫೋನಿನ ಮಾತೇ ಎತ್ತಲಿಲ್ಲ. ನನಗೆ ಒಂದು ಸಲಿಕೆ ಕೊಟ್ಟಳು. ಅಟ್ಟದ ಮೇಲೆ ಅರ್ಧ ಸಾಮಾನು ಒದ್ದೆಯಾಗದೆ ಉಳಿದಿತ್ತು. ಕೆಳಗಿನದು ಓಣಿ ತುಂಬ ಹರಡಿತ್ತು. ಪೋಹೆಯ ಸುಳ್ಳನ್ನು ಅವಳಿಗೆ ಹೇಗೆ ಹೇಳುವುದೆಂದು ನಾನು ಸಲಿಕೆ ಹಿಡಿದು ಯೋಚಿಸುತ್ತಿರುವಾಗಲೇ ಅವ್ವನ ಫೋನ್ ಬಂತು. ಸೋದರ ಸೊಸೆ ನನ್ನ ಕಿಸೆಯಿಂದ ಫೋನ್ ಎಳೆದು ಸ್ಪೀಕರಿಗೆ ಹಾಕಿಬಿಟ್ಟಳು.

"ಸಿಕ್ಕಳೇನೋ? ಡಾಕ್ಟರ್ ಏನಂದ?"

"ಯಾವ ಡಾಕ್ಟರ್?" ಅಂದಳು ಅಕ್ಕ.

ಆ ಕಡೆ ಅವ್ವ ಮಗಳ ದನಿ ಕೇಳಿ ಗೊಳೋ ಎಂದು ಅತ್ತಳು. "ಯವ್ವಾ, ಹ್ಯಾಂಗದಿ? ಇವತ್ತ ಪೋಹೆ ಯಾಕ ತಿಂದಿ ನೀ? ಏನ್ ಆಗ್ಯದ ನಿಂಗ?"

ಅಕ್ಕ ನನ್ನ ಮುಖ ನೋಡಿದಳು. ನಾನು ಕೆಸರು ನೋಡಿದೆ. ಅವಳಿಗೆ ಎಲ್ಲ ತಿಳಿಯಿತು. ಅವಳ ತುಟಿ ಒಣಗಿ ಬಿಳಿಯಾಗಿತ್ತು. ಬೆಳಗಿನಿಂದ ಹಾಲೂ ಇಲ್ಲ, ಬಾಳೆಹಣ್ಣೂ ಇಲ್ಲ, ಆ ಹೊತ್ತಿನಲ್ಲಿ ಅವು ಎಲ್ಲಿ ಸಿಗಬೇಕು. ಆದರೂ ಅವಳು ಹೇಳಿದಳು: "ಹೂಂ ಅವ್ವ, ತಿಂದೆ. ಭಾಳ ಹಸಿವಾಗಿತ್ತು. ತಡೀಲಿಕ್ಕ ಆಗ್ಲಿಲ್ಲ. ಶಿವ ಏನ್ ಅನ್ನಾಂಗಿಲ್ಲ ಬಿಡು."

ನನ್ನ ಸುಳ್ಳು ಉಳಿಸಲು ಅವಳು ತನ್ನ ವ್ರತ ಕೊಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲು ಆಗಲಿಲ್ಲ.

"ಅವ್ವ, ಆಕಿ ತಿಂದಿಲ್ಲ," ಎಂದೆ. "ನಾ ಸುಳ್ಳ ಹೇಳ್ದೆ. ಬೆಳಿಗ್ಗೆ ನಾ ಮಾತಾಡೇ ಇಲ್ಲ. ನಿನ್ನೆ ಆಕಿ ಫೋನ್ ಮಾಡಿದ್ಲು, ನಾನೇ ಕಟ್ ಮಾಡ್ದೆ."

ಪುರೋಹಿತರಿಗೆ ಕನ್ನಡ ಬರುವುದಿಲ್ಲ, ಆದರೂ ತೋಡುವುದನ್ನು ನಿಲ್ಲಿಸಿದರು.

"ತಿಂದಿಲ್ಲ?" ಅಂದಳು ಅವ್ವ. "ಖರೇನ ತಿಂದಿಲ್ಲ?"

"ಇಲ್ಲವ್ವ."

"ಅಂದ್ರ ಆಕಿ ಆರಾಮ್ ಅದಾಳ!" ಅವ್ವನ ದನಿಯೇ ಬೇರೆಯಾಯಿತು. "ಏ, ಚೀಲ ಒಳಗ ಇಡೋ," ಎಂದು ಅಣ್ಣನಿಗೆ ಕೂಗಿದ್ದು ನಮಗೂ ಕೇಳಿಸಿತು. ಆಮೇಲೆ ನನ್ನ ಕಡೆ ತಿರುಗಿದಳು. ಅವಳು ಅಂದದ್ದನ್ನು ಇಲ್ಲಿ ಬರೆಯಲಾರೆ. ಅದರಲ್ಲಿ ಕತ್ತೆ ಇತ್ತು, ನನ್ನ ಅಪ್ಪ ಇದ್ದ, ನಾನು ಹುಟ್ಟಿದ ಗಳಿಗೆಯೂ ಇತ್ತು. ಸೋದರ ಸೊಸೆ ಸ್ಪೀಕರ್ ಇನ್ನಷ್ಟು ಜೋರು ಮಾಡಿದಳು. ಕನ್ನಡ ಅವಳಿಗೆ ಇಷ್ಟು ಚೆನ್ನಾಗಿ ತಿಳಿಯುತ್ತದೆಂದು ನನಗೆ ಗೊತ್ತಿರಲಿಲ್ಲ.

ಫೋನ್ ಇಟ್ಟ ಮೇಲೆ ಅಕ್ಕನೂ ನಗುತ್ತಿದ್ದಳು. ನಗುತ್ತಲೇ ಮೆಟ್ಟಿಲ ಮೇಲೆ ಕೂತಳು. "ಕಟ್ ಮಾಡಿದ್ದಕ್ಕ ನಂಗ ಸಿಟ್ಟಿಲ್ಲ ತಮ್ಮಾ," ಎಂದಳು. "ಬರಾಂಗಿಲ್ಲ ಅಂತ ಹೇಳಿದ್ರ ನಾ ಆಗಲೇ ಈ ಪುರೋಹಿತರನ್ನ ಕರೀತಿದ್ದೆ. ಗಾಡಿ ನಡಸ್ಲಿಕತ್ತಾನ, ಅದಕ್ಕ ಫೋನ್ ಎತ್ತವಲ್ಲ ಅಂತ ತಿಳದೆ. ದಾರಿ ನೋಡ್ಕೋತ ಕುಂತೆ. ಕುಂಕುಮದ ಚೀಲ ಹೋದದ್ದು ಆ ಹೊತ್ತಿನಾಗ."

ನಾನು ಎಷ್ಟು ಸಲ ಆ ಫೋನಿನ ಬಗ್ಗೆ ಯೋಚಿಸಿದ್ದೆನೋ. ಇದೊಂದು ನನ್ನ ತಲೆಗೆ ಬಂದಿರಲಿಲ್ಲ. ನಾನು ಕಟ್ ಮಾಡಿದ್ದನ್ನು ಅವಳು ನಾನು ಹೊರಟೆ ಎಂದು ತಿಳಿದಿದ್ದಳು.

ಆ ವಾರ ಪೂರ್ತಿ ಅಲ್ಲಿಯೇ ಇದ್ದೆ. ಅಂಗಡಿ ತೊಳೆದೆವು, ಹಲಗೆ ಬಿಸಿಲಿಗೆ ಹಾಕಿದೆವು, ಚೊಂಬುಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದೆವು. ಪುರೋಹಿತರ ಮನೆಯಿಂದ ದಿನಾ ಕಡಲೆಹಿಟ್ಟಿನ ಪಿಠಲೆ ಬರುತ್ತಿತ್ತು. ನನ್ನ ಕಾಲಿನ ಕೆಂಪು ಹೋಗಲು ಇನ್ನೂ ಬಹಳ ದಿನ ಬೇಕಾಯಿತು. ದೌಲತಾಬಾದಿನಲ್ಲಿ ಗಿರಾಕಿಗಳು ಯಾರದೋ ಮದುವೆಯಾಯಿತೇನು ಎಂದು ಕೇಳುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಅಕ್ಕ ಫೋನ್ ಮಾಡಿದಳು. ತ್ರ್ಯಂಬಕೇಶ್ವರಕ್ಕೆ ಹೋಗಬೇಕು, ಭಾನುವಾರ ಟೆಂಪೊ ತರುತ್ತೀಯೇನು ಎಂದು. ಭಾನುವಾರ ನನ್ನ ಸೀತಾಫಲದ ದಿನ. ಹೂಂ ಅನ್ನಲು ನಾಲಿಗೆ ಆಗಲೇ ಹೊರಟಿತ್ತು.

"ಬರ್ಲಿಕ್ಕ ಆಗಾಂಗಿಲ್ಲ ಅಕ್ಕ," ಎಂದೆ.

"ಆತು. ಜೀಪಿಗೆ ಹೋಗ್ತೀವಿ," ಎಂದು ಇಟ್ಟಳು.

ಭಾನುವಾರ ಇಡೀ ದಿನ ನನಗೆ ಹಣ್ಣು ತೂಗುವುದರಲ್ಲಿ ಮನಸ್ಸಿರಲಿಲ್ಲ. ಇಳಿಹೊತ್ತಿಗೆ ಅಕ್ಕನ ಫೋನ್ ಬಂತು. ದರ್ಶನ ಚೆನ್ನಾಗಿ ಆಯಿತಂತೆ. ಜೀಪಿನಲ್ಲಿ ಡ್ರೈವರನ ಪಕ್ಕದ ಸೀಟು ಸಿಕ್ಕಿತ್ತಂತೆ. "ನಿನ್ನ ಗಾಡಿಯಷ್ಟು ಜಿಗ್ಯಾಡಲಿಲ್ಲ ನೋಡು," ಎಂದಳು. ಹಣ್ಣು ಹ್ಯಾಂಗ ಹೋದವು ಎಂದು ಕೇಳಿದಳು. ಗಿರಾಕಿ ನಿಂತಿದ್ದರು, ಆದರೂ ಒಂದೊಂದಾಗಿ ಹೇಳಿದೆ.