ಎಸ್ಟೇಟ್ ಗೇಟಿನ ಉಬ್ಬುಗನ್ನಡಿ

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ಕೊಡಗಿನಲ್ಲಿ ಮೋಟಾರು ವಾಹನ ನಿರೀಕ್ಷಕನಾಗಿದ್ದೆ. ಅಪಘಾತವಾದ ವಾಹನ ಪರಿಶೀಲಿಸಿ ವರದಿ ಕೊಡುವುದು ನನ್ನ ಕೆಲಸ. ಚೆಟ್ಟಳ್ಳಿ ಹತ್ತಿರದ ಎಸ್ಟೇಟೊಂದರ ಗೇಟಿನಲ್ಲಿ, ರಸ್ತೆಗೆ ಇಳಿಯುತ್ತಿದ್ದ ಜೀಪಿಗೆ ಸಿದ್ದಾಪುರದ ಬಸ್ಸು ತಾಗಿ, ಜೀಪಿನ ಹಿಂದಿನ ಸೀಟಿನಲ್ಲಿದ್ದ ಕೂಲಿ ಹೆಂಗಸೊಬ್ಬಳ ಕೈ ಮುರಿದಿತ್ತು. ಜೀಪಿನ ಬ್ರೇಕು, ಸ್ಟೇರಿಂಗು ಎರಡೂ ಸರಿಯಾಗಿದ್ದವು.

"ಡ್ರೈವರ್ ಮುರುಗೇಶನಿಗೆ ವಯಸ್ಸಾಯ್ತು, ಕಣ್ಣು ಹೋಗಿದೆ. ಹಾಗೇ ಬರೆದುಬಿಡಿ, ಮ್ಯಾಟರ್ ಕ್ಲೋಸ್ ಆಗುತ್ತೆ," ಎಂದರು ಎಸ್ಟೇಟಿನ ಮ್ಯಾನೇಜರು. ಹಾಗೆ ಬರೆದಿದ್ದರೆ ಮುರುಗೇಶನ ಲೈಸೆನ್ಸ್ ಹೋಗುತ್ತಿತ್ತು, ಕೆಲಸ ಹೋಗುತ್ತಿತ್ತು, ಎಸ್ಟೇಟಿನ ಕೂಲಿ ಲೈನಿನಲ್ಲಿ ಕೊಟ್ಟಿದ್ದ ಮನೆಯೂ ಹೋಗುತ್ತಿತ್ತು. ಇಪ್ಪತ್ತೆರಡು ವರ್ಷ ಜೀಪು ಓಡಿಸಿದವನನ್ನು ಒಂದೇ ಸಾಲಿನಲ್ಲಿ ಮುಗಿಸುವ ಆ ಸಲೀಸು ಕಂಡು ನನಗೆ ಮೈಯೆಲ್ಲ ಉರಿಯಿತು. ಕಣ್ಣಿನ ಪರೀಕ್ಷೆ ಮಾಡಿಸಿದೆ. ಚಾರ್ಟಿನ ಕೊನೆಯ ಸಾಲನ್ನೂ ಅವನು ತಡವರಿಸದೆ ಓದಿದ.

ಗೇಟಿನ ಎದುರಿಗೆ, ತಿರುವಿನಲ್ಲಿ ಬರುವ ಗಾಡಿ ಕಾಣಲೆಂದು ಒಂದು ಕನ್ನಡಿ ಇತ್ತು. ಮೊದಲಿದ್ದದ್ದು ಹಳೇ ಬೀರುವಿನಿಂದ ಕಳಚಿದ ಸಪಾಟು ಕನ್ನಡಿ. ಮುರುಗೇಶ ಮಗಳ ಹೆರಿಗೆಗೆಂದು ರಜೆ ಹಾಕಿದ್ದಾಗ ಎಸ್ಟೇಟಿನವರು ಅದನ್ನು ತೆಗೆದು ಉಬ್ಬುಗನ್ನಡಿ ಹಾಕಿದ್ದರು. ಅವನು ಕೆಲಸಕ್ಕೆ ಮರಳಿದ ದಿನವೇ ಅಪಘಾತವಾಗಿತ್ತು. ಅದು ಹೆಚ್ಚು ರಸ್ತೆ ತೋರಿಸುತ್ತದೆ, ಆದರೆ ಎಲ್ಲವನ್ನೂ ಚಿಕ್ಕದು ಮಾಡುತ್ತದೆ. ಬಸ್ಸು ಎಷ್ಟು ದೊಡ್ಡದೆಂದು ನಮಗೆ ಗೊತ್ತಿರುವುದರಿಂದ, ಚಿಕ್ಕದಾಗಿ ಕಂಡರೆ ಕಣ್ಣು ಅದು ದೂರವಿದೆ ಎಂದೇ ತಿಳಿಯುತ್ತದೆ.

"ಬಸ್ಸು ಬೆಂಕಿಪೊಟ್ಟಣದಷ್ಟು ಕಂಡ್ರೆ ಗಾಡಿ ತೆಗೀತಿದ್ದೆ ಸಾರ್. ಅವತ್ತೂ ಅಷ್ಟೇ ಕಾಣ್ತು," ಎಂದ ಮುರುಗೇಶ.

"ಕನ್ನಡಿ ಬದಲಾದದ್ದು ನೋಡಲಿಲ್ವಾ?"

"ನೋಡ್ದೆ. ಕನ್ನಡಿ ಹೊಸದು, ಬಸ್ಸು ಹಳೇದೇ ಅಲ್ವಾ ಸಾರ್?"

ಮರುದಿನ ಬಸ್ಸಿನ ಹೊತ್ತಿಗೆ, ಇಂಜಿನ್ ಆಫ್ ಮಾಡಿದ ಜೀಪಿನಲ್ಲಿ ಮ್ಯಾನೇಜರನ್ನೇ ಗೇಟಿನ ಒಳಗೆ ಕೂರಿಸಿದೆ. ಕನ್ನಡಿ ನೋಡಿ ಹೇಳಿ ಎಂದೆ. "ಇನ್ನೂ ದೂರ ಇದೆ, ಆರಾಮಾಗಿ ಹೋಗ್ಬಹುದು," ಎಂದರು. ಮಾತು ಮುಗಿಯುವಷ್ಟರಲ್ಲಿ ಬಸ್ಸು ಬಾನೆಟ್ಟಿನ ಮುಂದೆಯೇ ಹಾದುಹೋಯಿತು. ಅವರ ಮುಖ ಕೆಂಪಾಯಿತು. "ನನಗೆ ಇಲ್ಲಿ ಗಾಡಿ ಓಡಿಸಿ ಅಭ್ಯಾಸ ಇಲ್ಲ," ಎಂದರು.

"ನಂಗೆ ಅಭ್ಯಾಸ ಇದ್ದದ್ದಕ್ಕೇ ಹೀಗಾಯ್ತು ಸಾರ್," ಎಂದ ಪಕ್ಕದಲ್ಲಿ ನಿಂತಿದ್ದ ಮುರುಗೇಶ.

ಕನ್ನಡಿ ಬದಲಿಸಿ, ಚಾಲಕನಿಗೆ ಒಂದು ಮಾತೂ ಹೇಳದೆ ಸುಮ್ಮನಿದ್ದವರದೇ ತಪ್ಪು ಎಂದು ವರದಿ ಬರೆದೆ. ಲೈಸೆನ್ಸೂ ಮನೆಯೂ ಉಳಿದವು. ಆದರೂ ನನ್ನ ಸಿಟ್ಟು ಇಳಿದಿಲ್ಲ, ಈಗ ಅದರಲ್ಲಿ ಒಂದು ಪಾಲು ನನ್ನ ಮೇಲೆಯೇ ಇದೆ. ಅದಕ್ಕೂ ಮೊದಲು 'ಚಾಲಕನ ಅಜಾಗರೂಕತೆ' ಎಂದು ಎಷ್ಟೋ ವರದಿಗಳಿಗೆ ನಾನೇ ಸಹಿ ಹಾಕಿದ್ದೆ. ಒಮ್ಮೆಯೂ ಚಾಲಕನ ಸೀಟಿನಲ್ಲಿ ಕೂತು ನೋಡಿರಲಿಲ್ಲ.