ಹೊಟ್ಟೆ ತುಂಬಿದ ಪತ್ರಿಕೆ

ಕಳೆದ ವಾರ ನಮ್ಮ ಮನೆಯಲ್ಲಿ ಸಾಹಿತ್ಯಕ್ಕೆ ಇರುವೆ ಹತ್ತಿದವು. (ಅಲಂಕಾರದ ಮಾತಲ್ಲ. ನಿಜವಾದ ಇರುವೆ. ಕೆಂಪನೆಯವು.)

ನಮ್ಮ ಯಜಮಾನರು ಒಂದು ಸಾಹಿತ್ಯ ಪತ್ರಿಕೆಯ ಸಂಪಾದಕರು. ಪ್ರಕಾಶಕರು, ಮುದ್ರಕರು, ಹಂಚುವವರೂ ಅವರೇ. ಓದುಗರೂ ಅವರೊಬ್ಬರೇ ಇರಬಹುದೆಂದು ನನಗೆ ಬಹುದಿನದ ಅನುಮಾನ. ಸ್ಟೇಷನ್ ರಸ್ತೆಯ ಪ್ರೆಸ್ಸಿನವರು "ಇಷ್ಟ ಕಾಪಿಗೆ ಮಷಿನ್ ಚಾಲೂ ಮಾಡಾಕ ಆಗಂಗಿಲ್ರೀ ಸರ" ಎಂದು ಕೈಮುಗಿದ ಮೇಲೆ ಮನೆಗೇ ಪ್ರಿಂಟರ್ ಬಂತು. ಅಂದಿನಿಂದ ಪಡಸಾಲೆಯ ತುಂಬ ಹಾಳೆ. ಹಾರುತ್ತವೆಂದು ಫ್ಯಾನ್ ಹಚ್ಚುವ ಹಾಗಿಲ್ಲ. ಅದೂ ವಿಜಯಪುರದ ಬೇಸಿಗೆಯಲ್ಲಿ! ಸಾಹಿತ್ಯಸೇವೆ ಎಂದರೆ ಏನೆಂದುಕೊಂಡಿರಿ?

ಇವರ ಆಸೆ ಮಾತ್ರ ಬಹಳ ಸಣ್ಣದು. ಸಾಲಿಯಲ್ಲಿ ಕನ್ನಡ ಕಲಿಸಿದ ಮಾಸ್ತರರು ಇವರು ಬರೆದ ಒಂದು ಕತೆ ಓದಬೇಕು, ಅಷ್ಟೇ. ಪ್ರತಿ ಸಂಚಿಕೆಯನ್ನೂ ಬಸ್ ಹತ್ತಿ ಮಮದಾಪುರಕ್ಕೆ ಹೋಗಿ ಅವರ ಕೈಗಿಟ್ಟು ಬರುತ್ತಾರೆ. ಮಾಸ್ತರರು ರಟ್ಟು ಸವರಿ, "ಚೊಲೋ ಐತಿ ತಮ್ಮಾ" ಎಂದು ಕಪಾಟಿನಲ್ಲಿ ಇಡುತ್ತಾರೆ. ಹೋದ ಸಲವಂತೂ ಸಂಚಿಕೆಯಲ್ಲಿ ಇಲ್ಲದ ಕವಿತೆಯನ್ನು ಹೊಗಳಿದರಂತೆ. ಅಂದು ಇವರಿಗೆ ಊಟ ಸೇರಲಿಲ್ಲ. ನನಗೂ ಪಾಪ ಅನ್ನಿಸಿತು.

ಈ ಸಲ ಪುಟ ಹೆಚ್ಚಾಗಿ ಸ್ಟೇಪ್ಲರ್ ಸೋತಿತು. ಬಬಲೇಶ್ವರದಿಂದ ಬಂದಿದ್ದ ನಮ್ಮತ್ತೆ, ಮಗನ ಒದ್ದಾಟ ನೋಡಲಾರದೆ, "ತಾರಲೇ ಇಲ್ಲೆ, ಕೌದಿ ಹೊಲಿದ ಕೈ ಇದು" ಎಂದು ಹಳೆ ಸೀರೆ ತುಂಡುಗಳ ಹೊದಿಕೆ ಹೊಲಿಯುವ ದಬ್ಬಣ, ದಾರ ಹಿಡಿದು ಕೂತೇಬಿಟ್ಟರು. ಎಂಥ ಹೊಲಿಗೆ ಅಂತೀರಿ! ಎಳೆದರೆ ಹಾಳೆ ಹರಿದೀತು, ದಾರ ಹರಿಯದು.

ಸಂಪಾದಕರು ಹೆಮ್ಮೆಯಿಂದ ಮಮದಾಪುರಕ್ಕೆ ಹೋಗಿ ಕೊಟ್ಟು ಬಂದರು. ಮೂರ್ನಾಲ್ಕು ದಿನ ಕಳೆದಿರಬೇಕು, ಮನೆಯಲ್ಲಿ ಉಳಿದ ಪ್ರತಿಗಳಿಗೆ ಇರುವೆ ಸಾಲುಗಟ್ಟಿದವು. ಒಂದನ್ನು ಬಿಚ್ಚಿ ನೋಡಿದರೆ ರಟ್ಟಿನ ಒಳಗೆ, ಹೊಲಿಗೆಯ ಮೂಲೆಯಲ್ಲಿ, ಶೇಂಗಾ ಹೋಳಿಗೆಯ ಚೂರು!

"ಯವ್ವಾ, ಏನ ಮಾಡೀದಿ ಇದು?"

"ಹೊಟ್ಟಿ ತುಂಬಸೇನಿ." ಅತ್ತೆ ನಿರಾಳ. "ಕೌದಿ ಕಡೀ ಮೂಲ್ಯಾಗ ಚೂರು ಹೋಳಿಗಿ ಇಟ್ಟ ಹೊಲೀಬೇಕು. ಹಸದ ಕೌದಿ ಹೊಚ್ಚಿಕೊಂಡ್ರ ನಿದ್ದಿ ಹತ್ತಂಗಿಲ್ಲ. ಪುಸ್ತಕಾನ ಹಸದಿದ್ರ ಓದಾವನ ಹೊಟ್ಟಿ ಹೆಂಗ ತುಂಬತೈತಿ?"

ನಾನು ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದೆ. ಇವರು ತಲೆಯ ಮೇಲೆ ಕೈಹೊತ್ತು ಕೂತರು. "ಮಾಸ್ತರ ಮುಂದ ನನ್ನ ಮಾನ ಹೋತು!"

ಅಷ್ಟರಲ್ಲಿ ಫೋನು. ಮಾಸ್ತರರದೇ. ಇವರು ಸ್ಪೀಕರ್ ಹಾಕಿ ದೂರ ಹಿಡಿದರು. (ಫೋನು ಕಚ್ಚುತ್ತದೆಯೆ?)

"ಏನೋ ತಮ್ಮಾ, ನಿನ್ನ ಪುಸ್ತಕಕ್ಕ ಇರವಿ ಹತ್ಯಾವಲ್ಲೋ! ಒಂದೊಂದ ಹಾಳಿ ತಗದು ಝಾಡಿಸಿದೆ. ಝಾಡಸ್ತಾ ಝಾಡಸ್ತಾ ನಿನ್ನ ಕತಿ ಓದಿದೆ. ಆ ಮುದುಕಿ ಕಡೀಕ ಬಾಗಲಾ ಯಾಕ ತಗೀಲಿಲ್ಲೋ? ತಗೀಬೇಕಿತ್ತು. ಮನಸಿಗಿ ಭಾಳ ಹತ್ತಿತಪಾ."

ಇವರ ಕಣ್ಣು ತುಂಬಿದವು. ನನ್ನವೂ ತುಂಬಿದವು, ಸುಳ್ಳು ಯಾಕೆ ಹೇಳಲಿ? ಆ ಕತೆಯಲ್ಲಿ ಒಬ್ಬ ಮುದುಕಿ ಇದ್ದಾಳೆಂದು ನನಗೆ ಗೊತ್ತಾಗಿದ್ದೇ ಆಗ!

ಈಗ ಮುಂದಿನ ಸಂಚಿಕೆಯ ತಯಾರಿ ನಡೆದಿದೆ. ನಿನ್ನೆ ಸಂಪಾದಕರು ತಾಯಿಯ ಹತ್ತಿರ ಕೂತು ಮೆಲ್ಲಗೆ ಹೇಳುತ್ತಿದ್ದರು: "ಯವ್ವಾ, ಮಾಸ್ತರ ಕಾಪಿಗೆ ಒಂದೀಟ ದೊಡ್ಡ ಚೂರು ಇಡು."

ಅಂದಹಾಗೆ, ಹೋಳಿಗೆಯಿಲ್ಲದ ಈ ಅಂಕಣವನ್ನು ನೀವು ವಾರವಾರ ಓದುತ್ತೀರೋ, ಇಲ್ಲ ಬರೀ "ಚೊಲೋ ಐತಿ" ಅಂತೀರೋ?