ಹುಣಸೆಹಣ್ಣಿನಲ್ಲಿ ತಿಕ್ಕಿದ ಬೋಲ್ಟುಗಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ದೋಣಿಯ ಬೋಲ್ಟುಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿದ ಪೆದ್ದ ನಾನೇ. ಅದೂ ಆಂಟಿ ಸಾರಿಗೆಂದು ಏವನ್‌ಡೇಲ್‌ನ ಭಾನುವಾರದ ಸಂತೆಯಿಂದ ತಂದಿಟ್ಟಿದ್ದ ಹುಣಸೆಹಣ್ಣು.

ಆಗ, 2015ರ ಆಸುಪಾಸಿನಲ್ಲಿ, ನಾನು ಓದು ಮುಗಿಸಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಮೊದಲ ಕೆಲಸ ಹಿಡಿದು, ಮೈಸೂರಿನ ದಂಪತಿಯೊಬ್ಬರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ನೆಂಟರೇನಲ್ಲ, ಇಲ್ಲಿ ನಮಗಿಂತ ಹಿರಿಯರೆಲ್ಲ ಅಂಕಲ್, ಆಂಟಿ. ಅಂಕಲ್ ಕಟ್ಟಡಗಳ ಏರ್‌ಕಂಡೀಷನ್ ವಿನ್ಯಾಸ ಮಾಡುವ ಇಂಜಿನಿಯರ್. ಅವರ ಗ್ಯಾರೇಜಿನಲ್ಲಿ ಕಾರು ಇರಬೇಕಾದ ಕಡೆ ಪ್ಲೈವುಡ್ ದೋಣಿಯೊಂದು ಕೂತಿತ್ತು, ವಯಸ್ಸಿನಲ್ಲಿ ಅವರಿಗೇ ಅಣ್ಣ. ಎರಡು ಚಳಿಗಾಲ ಅದನ್ನು ಉಜ್ಜಿ, ವಾರ್ನಿಷ್ ಬಳಿದು, ಮುಖ ಕಾಣುವಂತೆ ಮಾಡಿದ್ದರು. ಆಸೆ ಒಂದೇ: ಬೇಸಿಗೆಯಲ್ಲಿ ಆಂಟಿಯನ್ನು ಕೂರಿಸಿಕೊಂಡು ಮನುಕಾವ್ ಬಂದರಿನಲ್ಲಿ ಒಂದು ಸುತ್ತು ಹಾಕುವುದು. ಈಜು ಬಾರದ ಆಂಟಿಯ ಷರತ್ತೂ ಒಂದೇ: ಹಿಂದೆ ನೇತಾಡುವ ಆ ಎರಡು ಮೋಟರು ಕಳಚಿ ಬೀಳುವುದಿಲ್ಲವೆಂದು ತಮಗೆ ನಂಬಿಕೆ ಬರಬೇಕು.

ಮೋಟರುಗಳನ್ನು ಹಿಂಬದಿಯ ಹಲಗೆಗೆ ಹಿಡಿದಿಡುವ ಹಿತ್ತಾಳೆಯ ಬೋಲ್ಟುಗಳು ಪಾಚಿ ಕಟ್ಟಿದಂತೆ ಹಸಿರಾಗಿದ್ದವು. ಬದಲಿಸಲು ಅಂಕಲ್‌ಗೆ ಮನಸ್ಸಿಲ್ಲ. ನಾನು ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಅವರದೇ ದನಿಯಲ್ಲಿ, "ನೋಡಪ್ಪಾ, ಒರಿಜಿನಾಲಿಟಿ ಅಂತ ಒಂದಿರುತ್ತೆ" ಎಂದರೆ ಅವರೇ ಮೊದಲು ನಗುವರು. ಆ ನಗುವಿಗೆ ಉಬ್ಬಿಹೋಗಿ, ದೇವರಮನೆಯ ದೀಪದ ಹಾಗೆ ಹೊಳೆಸಿಕೊಡುತ್ತೇನೆ ಎಂದು ಬೋಲ್ಟುಗಳನ್ನು ಬಿಚ್ಚಿಕೊಂಡು ನಾನು ಅಡುಗೆಮನೆಗೆ ನುಗ್ಗಿದ್ದು.

ಹೊಳೆದವೇನೋ ನಿಜ. ಆದರೆ ತಲೆಯೆಲ್ಲ ಹಳದಿ, ಮೈಮೇಲೆ ಅಲ್ಲಲ್ಲಿ ಬೊಂಬಾಯಿ ಮಿಠಾಯಿಯ ಗುಲಾಬಿ. ಹುಳಿ ಹೆಚ್ಚಾದರೆ ಹಿತ್ತಾಳೆ ಕೆಂಪಡರುವುದನ್ನು ಊರಲ್ಲಿ ನೋಡಿದ್ದೆ, ಇದೂ ಅದೇ ಎಂದುಕೊಂಡೆ. ಅಂಕಲ್ ಕೂಡ ನನ್ನ ಹುಣಸೆಹಣ್ಣನ್ನೇ ದೂರಿದರು. ಆದರೆ ಎಷ್ಟು ತಿಕ್ಕಿದರೂ ಆ ಗುಲಾಬಿ ಹೋಗಲೂ ಇಲ್ಲ, ಹೆಚ್ಚಲೂ ಇಲ್ಲ. ಹಾಗಾದರೆ ಒಳಗೇನಿದೆ? ತಡೆಯಲಾರದೆ ಒಂದನ್ನು ಗ್ಯಾರೇಜಿನ ವೈಸ್ ಇಕ್ಕಳಕ್ಕೆ ಕಚ್ಚಿಸಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಬಾಗಬೇಕಾದದ್ದು ಕೋಡುಬಳೆಯ ಹಾಗೆ ಮುರಿಯಿತು. ನಡುಮಧ್ಯದವರೆಗೂ ಅದೇ ಗುಲಾಬಿ, ರವೆಯ ಹಾಗೆ ಪುಡಿಪುಡಿ.

ಅಂಕಲ್ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು. ಹಿತ್ತಾಳೆಯೆಂದರೆ ತಾಮ್ರಕ್ಕೆ ಸತು ಬೆರೆಸಿದ್ದು. ಉಪ್ಪುನೀರು ವರ್ಷಗಟ್ಟಲೆ ಸತುವನ್ನೆಲ್ಲ ಎಳೆದುಕೊಂಡು ಜೊಳ್ಳು ತಾಮ್ರವನ್ನಷ್ಟೇ ಬಿಟ್ಟಿದೆ ಎಂದು ವಿವರಿಸಿದರು. ಹುಣಸೆಹಣ್ಣು ಖುಲಾಸೆಯಾಯಿತು. ನಾನು ಆಗಲಿಲ್ಲ, ಅವತ್ತಿನ ಸಾರಿಗೆ ಟೊಮೆಟೊ ಹೆಚ್ಚುವ ಶಿಕ್ಷೆಯಾಯಿತು.

ಹಲಗೆಯ ತೂತಿಗೆ ಪೆನ್ಸಿಲ್ ತೂರಿಸಿ ಉದ್ದ ಗುರುತು ಮಾಡಿಕೊಂಡು ದೋಣಿ ಸಾಮಾನಿನ ಅಂಗಡಿಗೆ ಹೋದೆವು. ಅಂಕಲ್ ಕೈ ನೇರ ಕಂಚಿನ ಬೋಲ್ಟಿಗೆ ಹೋಯಿತು. ಹಳೆಯ ದೋಣಿಗೆ ಹೇಳಿ ಮಾಡಿಸಿದ ಬಣ್ಣ. ಆದರೆ ಮೋಟರಿನ ಬ್ರಾಕೆಟ್ ಅಲ್ಯೂಮಿನಿಯಮ್ಮಿನದು, ಉಪ್ಪುನೀರಲ್ಲಿ ಕಂಚು ಪಕ್ಕಕ್ಕಿದ್ದರೆ ಆ ಬ್ರಾಕೆಟ್ಟೇ ಸವೆದುಹೋಗುತ್ತದೆ. ಇದನ್ನೂ ಅವರೇ ಹೇಳಿದರು, ಹೇಳುತ್ತ ಕಂಚನ್ನು ಮಾತ್ರ ಕೆಳಗಿಡಲಿಲ್ಲ. ಸಮುದ್ರಕ್ಕೆಂದೇ ಮಾಡಿದ ಸ್ಟೀಲಿನ ಬೋಲ್ಟು ಪಕ್ಕದಲ್ಲೇ ಇತ್ತು. ನೀರು ನುಗ್ಗದಂತೆ ಸೀಲಂಟ್ ಅಂಟು ಬಳಿದು ಕೂರಿಸಿದರೆ ಬಹಳ ಕಾಲ ಬಾಳುವಂಥದ್ದು. ಆಸ್ಪತ್ರೆ ಮಂಚದ ಹಾಗಿದೆ ಎಂದು ಅಂಕಲ್ ಮೂತಿ ತಿರುಗಿಸಿದರು. ಕೊನೆಗೆ ಎರಡನ್ನೂ ಕೊಂಡು ತಂದೆವು.

ಅಡುಗೆಮನೆಯ ಮೇಜಿನ ಮೇಲೆ ಕಂಚು, ಸ್ಟೀಲು, ಮುರಿದ ಹಿತ್ತಾಳೆ. ಕಂಚು ನೋಡಲು ಒರಿಜಿನಲ್ ಥರವೇ ಇರುತ್ತದೆ, ವರ್ಷಕ್ಕೊಮ್ಮೆ ಬಿಚ್ಚಿ ನೋಡಿದರಾಯಿತು ಎಂದು ಅಂಕಲ್ ವಾದಿಸಿದರು. ನಾನು ಅವರ ಬೆನ್ನ ಹಿಂದೆ ನಿಂತು ಅವರ ಕೈಸನ್ನೆಗಳನ್ನೆಲ್ಲ ಚಾಚೂ ತಪ್ಪದೆ ಮಾಡಿದೆ. ಯಾವಾಗಲೂ ನಗುವ ಆಂಟಿ ಅವತ್ತು ನಗಲಿಲ್ಲ. ಮುರಿದ ತುಂಡನ್ನೆತ್ತಿ ಉಗುರಿನಿಂದ ಕೆರೆದರು. ಗುಲಾಬಿ ಪುಡಿ ಮೇಜಿನ ಮೇಲೆ ಉದುರಿತು. ಕೈ ಒರೆಸಿಕೊಂಡು ಅಂಕಲ್ ಕಡೆ ತಿರುಗಿದರು.

"ರೀ, ಒರಿಜಿನಲ್ ಅಂದ್ರೆ ನಾನೂ ಒರಿಜಿನಲ್ಲೇ. ಬೋಲ್ಟಿಗೆ ಬದಲಿ ಅಂಗಡೀಲಿ ಸಿಗುತ್ತೆ, ನಂಗೆ ಸಿಗಲ್ಲ. ಸ್ಟೀಲ್ ಹಾಕಿ, ದೋಣಿ ಹತ್ತುತ್ತೀನಿ."